ಲೋಟ ತೊಳೆಯುತ್ತಿದ್ದ ಓನರ್

ಮೂಗಿಗೂ ಮೇಲ್ದುಟಿಗೂ ನಡುವೆ ಅವರ ಮುಖದಲ್ಲಿ ಒಂದು ಬೆರಳಗಲದ ಪಟ್ಟಿ ಬೇರೆಯೇ ಬಣ್ಣಕ್ಕಿತ್ತು. ಉಳಿದ ಮುಖ ಬಿಸಿಲಿಗೆ ಕಂದಿ ಕಪ್ಪಾಗಿದ್ದರೆ ಆ ಪಟ್ಟಿ ಮಾತ್ರ, ವಾಚು ಬಿಚ್ಚಿದ ಮಣಿಕಟ್ಟಿನ ಹಾಗೆ, ಬೆಳ್ಳಗೆ ಉಳಿದಿತ್ತು. ನಲವತ್ತು ವರ್ಷ ದಪ್ಪ ಮೀಸೆ ಇದ್ದ ಜಾಗ ಅದು. ರಿಟೈರಾದ ಮರುವರ್ಷ ಒಂದು ಬೆಳಗ್ಗೆ ಯಾರಿಗೂ ಹೇಳದೆ ಬೋಳಿಸಿಕೊಂಡು ಬಂದುಬಿಟ್ಟರಂತೆ. ಗಂಡಸು ಇದ್ದಕ್ಕಿದ್ದಂತೆ ಮೀಸೆ ತೆಗೆದರೆ ಹೆತ್ತವರಲ್ಲಿ ಒಬ್ಬರು ಹೋದರು ಎಂದೇ ಲೆಕ್ಕ. ಗೆದ್ದಲಹಳ್ಳಿಯ ದಾಯಾದಿಗಳು ಸಂಜೆಯೊಳಗೆ ಮುಖ ಸಪ್ಪೆ ಮಾಡಿಕೊಂಡು ಬಂದರೆ, ಬಾಗಿಲು ತೆಗೆದದ್ದು ಅವರ ತಾಯಿಯೇ. ಮಡಿಲಲ್ಲಿ ಸುಲಿದ ಅವರೆಕಾಳು ಬೇರೆ. ಬಂದವರು ಅತ್ತರೋ ನಕ್ಕರೋ ಗೊತ್ತಿಲ್ಲ, ಮಗ ಮಾತ್ರ ಒಳಗಿನಿಂದಲೇ ಕೂಗಿ ಹೇಳಿದರಂತೆ: "ಯಾರೂ ಸತ್ತಿಲ್ಲ ಕಣ್ರೋ. ಮೀಸೆ ವಾಸ್ನೆ ಇಡ್ಕೊಳ್ತದೆ. ವೈನ್ ಮೂಸಕ್ಕೆ ಅಡ್ಡ ಬರ್ತಿತ್ತು, ತೆಗ್ದೆ."

ಅವರು ನಮ್ಮ ಓನರ್. ಬೆಂಗಳೂರಿನ ಬಾಡಿಗೆದಾರನಿಗೆ ಮನೆ ಮಾಲೀಕರ ಹೆಸರು ಅಗ್ರಿಮೆಂಟಿನಲ್ಲಿ ಒಂದು ಸಲ ಬೇಕಾಗುತ್ತದೆ, ಆಮೇಲೆ ಅವರು ಬರೀ ಓನರ್. ಬಾಗಲಕೋಟೆ ಕಡೆಯಿಂದ ಬಂದ ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿ ಮಗಳೊಂದಿಗೆ ಸಂಜಯನಗರದ ಅವರ ಮನೆಯ ಕೆಳಗಿನ ಪೋರ್ಷನ್ನಿಗೆ ಬಂದಾಗ ಅವರಿಗೆ ಅರವತ್ತೆರಡು. ಯಶವಂತಪುರದ ಕಡೆ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಮ್ಮಿನ ಸಿರಪ್ಪು ಮೂಸಿ, ಇದು ಪಾಸು ಇದು ಫೇಲು ಎಂದು ಹೇಳಿ ರಿಟೈರಾದವರು. ನಂದಿಬೆಟ್ಟದ ದಾರಿಯಲ್ಲಿ ಯಾರೋ ನೆಂಟರ ತೋಟಕ್ಕೆ ಹೋದಾಗ ಪಕ್ಕದ ಸಣ್ಣ ವೈನರಿಯಲ್ಲಿ ಪೀಪಾಯಿಯಿಂದ ನೇರವಾಗಿ ಒಂದು ಗುಟುಕು ಕೆಂಪು ವೈನ್ ಕೊಟ್ಟರಂತೆ. ಆ ಒಂದು ಗುಟುಕಿನ ಬಗ್ಗೆ ಮೂರು ದಿನ ಯೋಚಿಸಿದೆ ಎಂದು ಅವರೇ ಹೇಳುತ್ತಿದ್ದರು. ಮೂರು ದಿನ ಯೋಚಿಸಿದವರು ನಾಲ್ಕನೇ ದಿನ ಮೀಸೆ ತೆಗೆದರು.

ತಿಂಗಳಲ್ಲಿ ಎರಡು ಭಾನುವಾರ ಬೆಳಗ್ಗೆ ಹತ್ತೂವರೆಗೆ ತಾರಸಿಯ ಶೀಟಿನ ಕೋಣೆಯಲ್ಲಿ ಐದಾರು ಜನ ಸೇರುತ್ತಿದ್ದೆವು. ಆರ್.ಟಿ. ನಗರದ ಹಲ್ಲಿನ ಡಾಕ್ಟರು, ತಣಿಸಂದ್ರದಿಂದ ಬರುವ ಬ್ಯಾಂಕಿನ ಮೇಡಂ, ಇನ್ನೊಂದಿಬ್ಬರು, ಜೊತೆಗೆ ನಾನು. ವರ್ಷಕ್ಕೆ ನಾಲ್ಕೈದು ಪೀಪಾಯಿ ಮಾತ್ರ ಮಾಡುವ ಸಣ್ಣ ವೈನರಿಗಳ ರೆಡ್ ವೈನು, ಬೇರೆ ಯಾವುದೂ ಅಲ್ಲ. ಬೆಳಗ್ಗೆ ಕಾಫಿ ಕುಡಿದು ಬರುವಂತಿಲ್ಲ. ಬೆಂಗಳೂರಿನವರಿಗೆ ಇದಕ್ಕಿಂತ ಕಠಿಣವಾದ ವ್ರತ ಇನ್ನೊಂದಿಲ್ಲ. ಸೆಂಟು ಹಾಕಿದವರನ್ನು ನಲ್ಲಿಯ ಹತ್ತಿರ ಕಳಿಸುತ್ತಿದ್ದರು. ಅವತ್ತು ಮನೆಯಲ್ಲಿ ಊದುಬತ್ತಿ ಕೂಡ ಎಂಟು ಗಂಟೆಯೊಳಗೆ ಉರಿದು ಮುಗಿಯಬೇಕು. "ದೇವ್ರಿಗೂ ಟೈಮ್ ಟೇಬಲ್ ಹಾಕವ್ರೆ ನೋಡಮ್ಮ" ಎಂದು ಓನರ್ ಆಂಟಿ ನನ್ನ ಹೆಂಡತಿಯ ಹತ್ತಿರ ದೂರುತ್ತಿದ್ದರು. ಆದರೂ ಹನ್ನೆರಡು ಗಂಟೆಗೆ ಸರಿಯಾಗಿ ಎಲ್ಲರಿಗೂ ಉಪ್ಪಿಟ್ಟು ತಂದಿಡುತ್ತಿದ್ದರು.

ಯಾವ ವೈನರಿಯದೆಂದು ಗೊತ್ತಾಗಬಾರದೆಂದು ಬಾಟಲಿಗಳಿಗೆ ಅವರ ಮಗಳ ಹಳೆಯ ಶಾಲೆಯ ಸಾಕ್ಸು ತೊಡಿಸಿರುತ್ತಿದ್ದರು. ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ, ಚೀಟಿಯಲ್ಲಿ ಬರೆಯಬೇಕು. ಬರೆದು ಮುಗಿಸುವವರೆಗೆ ಯಾರೂ ಉಸಿರೆತ್ತಬಾರದು. ತಿಂದೇ ಇಲ್ಲದ ಹಣ್ಣಿನ ಹೆಸರು ಬರೆಯಬಾರದು. ಒಮ್ಮೆ ಹಲ್ಲಿನ ಡಾಕ್ಟರು ಬ್ಲ್ಯಾಕ್‌ಬೆರಿ ಎಂದು ಬರೆದರು.

"ತಿಂದಿದೀರಾ ಡಾಕ್ಟ್ರೇ?"

"ಹಣ್ಣು ತಿಂದಿಲ್ಲ ಸರ್. ಜಾಮ್ ತಿಂದಿದೀನಿ."

"ಅಂಗಾದ್ರೆ ಜಾಮ್ ಅಂತ ಬರೀರಿ. ಸುಳ್ಳು ಯಾಕೆ?"

ಹೀಗಾಗಿ ನಮ್ಮ ಚೀಟಿಗಳ ತುಂಬ ನೇರಳೆ, ಹುಣಸೆ, ಸುಟ್ಟ ಕೊಬ್ಬರಿ, ಹೊಸ ಚಪ್ಪಲಿಯ ಚರ್ಮ. ಅವರ ಚೀಟಿಯಲ್ಲಿ ಮಾತ್ರ ಒಂದೇ ಒಂದು ಸಾಲು. "ಒಗರು ಜಾಸ್ತಿ, ಇನ್ನೊಂದು ವರ್ಷ ಇಡಿ." "ಹಣ್ಣು ಬೇಗ ಕಿತ್ತಿದ್ದಾರೆ." ಲ್ಯಾಬಿನ ರಿಪೋರ್ಟಿನಂತಿದ್ದ ಆ ಸಾಲಿಗಾಗಿ ವೈನ್ ಮಾಡುವವರು ಫೋನ್ ಮಾಡಿ ಕಾಯುತ್ತಿದ್ದರು.

ಉಗುಳುವುದಕ್ಕೆ ಎಲ್ಲರಿಗೂ ಒಂದೊಂದು ಸ್ಟೀಲಿನ ಲೋಟ ಇತ್ತು. ಮದುವೆ ಪಾತ್ರೆಗೆ ಹೆಸರು ಕೊರೆಸುತ್ತೇವಲ್ಲ, ಹಾಗೆ ಪಾತ್ರೆ ಅಂಗಡಿಯಲ್ಲಿ ಪ್ರತಿ ಲೋಟಕ್ಕೂ ಹೆಸರು ಕೊರೆಸಿದ್ದರು. ಹೆಸರು ಹಾಕಿದ ಪಾತ್ರೆಯಲ್ಲಿ ಉಗುಳುವುದಕ್ಕೆ ನಮ್ಮಂಥವರಿಗೆ ಮೊದಮೊದಲು ಬಹಳ ಕಷ್ಟವಾಯಿತು. ಮುಗಿದ ಮೇಲೆ ಲೋಟಗಳನ್ನು ಅವರೇ ತೊಳೆಯುತ್ತಿದ್ದರು, ಯಾರು ಕೈಚಾಚಿದರೂ ಬಿಡುತ್ತಿರಲಿಲ್ಲ. ಇಷ್ಟು ವಯಸ್ಸಾದವರು ನಮ್ಮ ಎಂಜಲು ತೊಳೆಯುತ್ತಾರಲ್ಲ, ಎಂಥ ದೊಡ್ಡ ಗುಣ ಎಂದು ಮೆಟ್ಟಿಲಿಳಿಯುವಾಗ ನಾವು ಮಾತಾಡಿಕೊಳ್ಳುತ್ತಿದ್ದೆವು. ಗುಣ ದೊಡ್ಡದೇ, ಆದರೆ ತೊಳೆಯುತ್ತಿದ್ದದ್ದು ಅದಕ್ಕಲ್ಲ.

ಇಲ್ಲಿ ನನ್ನ ವಿಷಯ ಹೇಳದೆ ವಿಧಿಯಿಲ್ಲ. ನಾನು ಆ ಕೋಣೆಗೆ ಹೋದದ್ದು ರುಚಿಗಲ್ಲ. ಕುಡಿತ ಅದಕ್ಕೂ ಮೊದಲೇ ಇತ್ತು, ಕಾಲೇಜಿನಿಂದ ಬರುವ ದಾರಿಯಲ್ಲಿ, ಮನೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ. ಭಾನುವಾರ ಬೆಳಗ್ಗೆ ಮರ್ಯಾದಸ್ಥರ ನಡುವೆ ಕೂತು, ಹೆಂಡತಿಗೆ ಹೇಳಿಯೇ ಕುಡಿಯಬಹುದಾದ ಜಾಗ ತಲೆಯ ಮೇಲೆಯೇ ಸಿಕ್ಕರೆ ಯಾರು ಬಿಡುತ್ತಾರೆ? ನಾನು ಒಂದು ಹನಿಯನ್ನೂ ಉಗುಳುತ್ತಿರಲಿಲ್ಲ. ಲೋಟವನ್ನು ಬಾಯಿಯ ಹತ್ತಿರ ಹಿಡಿದು ಉಗುಳಿದಂತೆ ನಟಿಸುವುದರಲ್ಲಿ ಪಳಗಿಬಿಟ್ಟಿದ್ದೆ. ಮುಗಿದ ಮೇಲೆ ಬಾಟಲಿಗಳಲ್ಲಿ ಮಿಕ್ಕದ್ದನ್ನು "ಸಾರಿಗೆ ಹಾಕಾಕ ಬರ್ತೈತ್ರಿ" ಎಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಯಾವ ಸಾರಿಗೆ ವೈನ್ ಹಾಕುತ್ತಾರೋ ದೇವರಿಗೇ ಗೊತ್ತು.

ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಹಾಗೆ ಚೀಲ ತುಂಬಿಸುತ್ತಿದ್ದಾಗ ಅವರು ನಲ್ಲಿ ನಿಲ್ಲಿಸಿ ಬಂದು ಎದುರಿಗೆ ಕೂತರು. ಕೈಯಲ್ಲಿ ನನ್ನ ಲೋಟ.

"ಎಲ್ರ ಲೋಟಾನೂ ತೊಳ್ದೆ ಮೇಷ್ಟ್ರೇ. ನಿಮ್ದು ಮೂರು ತಿಂಗ್ಳಿಂದ ತೊಳಿಯೋ ಅಂಗೇ ಇಲ್ಲ. ಒಣಗೇ ಇರ್ತದೆ."

ನಾನು ನಕ್ಕೆ. "ನಂಗ ಉಗುಳಾಕ ಬರಂಗಿಲ್ರಿ ಸರ. ಬಾಯಾಗಿಂದು ಉಗುಳಬಾರ್ದು ಅಂತ ನಮ್ಮವ್ವ ಕಲಿಸ್ಯಾಳ."

"ನಮ್ಮಮ್ಮನೂ ಅದ್ನೇ ಏಳ್ಕೊಟ್ಟಿದ್ಲು. ಅದು ಅನ್ನದ ವಿಷ್ಯ." ಅವರು ನಗಲಿಲ್ಲ. "ಬಂದು ಕೂತಾಗ ನಿಮ್ಮ ಕೈ ನಡುಗ್ತಿರ್ತದೆ. ಮೊದಲ್ನೇ ಗುಟುಕು ಒಳಗೋದ್ಮೇಲೆ ನಿಲ್ತದೆ. ಮೂವತ್ತೊರ್ಷ ಲ್ಯಾಬಲ್ಲಿದ್ದೋನು ನಾನು, ನಡುಗೋ ಕೈ ಗೊತ್ತಾಗಲ್ವಾ? ಮನೆಯವ್ರಿಗೆ ನೀವ್ ಏಳ್ತೀರೋ, ನಾನ್ ಏಳ್ಲೋ?"

ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. "ನೀವು ಮನಿ ಓನರ್ ಅದೀರಿ, ನಮ್ಮಪ್ಪ ಅಲ್ಲ. ಬರೋ ತಿಂಗಳ ಮನಿ ಬಿಡ್ತೀನಿ, ಆತಿಲ್ಲೋ?"

"ಬಿಡಿ. ನಾನೇ ನಿಂತು ಸಾಮಾನು ಲಾರಿಗೆ ಏರಿಸ್ತೀನಿ. ಆದ್ರೆ ಏಳ್ದೆ ಮಾತ್ರ ಕಳ್ಸಲ್ಲ."

ಸಂಜೆ ನಾಲ್ಕಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದರು. ಹೆಣ್ಣು ಕೇಳಲು ಬಂದವರ ಹಾಗೆ ಸೋಫಾದ ಅಂಚಿನಲ್ಲಿ ಕೂತು, "ಮೇಷ್ಟ್ರು ಏನೋ ಏಳ್ಬೇಕಂತೆ ಕಣಮ್ಮ" ಎಂದು ನನ್ನ ಹೆಂಡತಿಗೆ ಹೇಳಿ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾ ಕೂತುಬಿಟ್ಟರು. ನಾನು ಬಾಯಿ ಬಿಡುವವರೆಗೆ ಏಳುವ ಮನುಷ್ಯ ಅಲ್ಲ ಎಂದು ಗೊತ್ತಾಯಿತು. ಅರ್ಧ ಗಂಟೆಯಾದರೂ ಹಿಡಿದಿರಬೇಕು. ನಾನು ಹೇಳಿ ಮುಗಿಸಿದಾಗ ಹೆಂಡತಿ ನನ್ನ ಮುಖ ನೋಡಲಿಲ್ಲ. ಅವರ ಕಡೆ ತಿರುಗಿ, "ನಂಗ ಗೊತ್ತಿತ್ರಿ. ಯಾರರ ಬಾಯಿಬಿಟ್ಟು ಅಂದಾರೇನೋ ಅಂತ ದಾರಿ ಕಾಯ್ತಿದ್ದೆ" ಎಂದಳು. ಆಮೇಲೆ ಎದ್ದು ಹೋಗಿ ಮೂವರಿಗೂ ಚಹಾ ಮಾಡಿ ತಂದಳು.

ಹೆಬ್ಬಾಳದಲ್ಲಿ ಕುಡಿತ ಬಿಡಿಸುವ ಡಾಕ್ಟರ ಹತ್ತಿರ ವಾರಕ್ಕೊಮ್ಮೆ ಹೋಗಬೇಕಾಗಿತ್ತು. ಪ್ರತಿ ಸಲವೂ ಅವರು ಬಸ್ಸಿನಲ್ಲಿ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಸುಮ್ಮನೆ ಯಾಕೆ ತೊಂದರೆ ತೆಗೆದುಕೊಳ್ಳುತ್ತೀರಿ ಎಂದರೆ, "ನಿಮ್ಮನ್ನ ನಂಬಿಲ್ಲ ಮೇಷ್ಟ್ರೇ, ಅದ್ಕೇ ಬರ್ತಿರೋದು. ನಂಬ್ಕೆ ಬಂದ್ಮೇಲೆ ಬರಲ್ಲ ಬಿಡಿ" ಎಂದರು. ಹೇಳಿದಂತೆ ಐದನೇ ತಿಂಗಳು ಬರುವುದನ್ನು ನಿಲ್ಲಿಸಿದರು. ಆ ದಿನ ಬಸ್ಸಿನಲ್ಲಿ ಒಬ್ಬನೇ ಕೂತಾಗ ನನಗೆ ಆದ ಸಂತೋಷವನ್ನು ನಾನು ಎಲ್ಲೂ ಹೇಳಿಕೊಂಡಿಲ್ಲ. ಇವತ್ತಿಗೂ ನಾನು ಮತ್ತೆ ಕುಡಿದಿಲ್ಲ.

ಭಾನುವಾರದ ಗುಂಪಿನಿಂದ ಅವರು ನನ್ನನ್ನು ಹೊರಗೆ ಹಾಕಲಿಲ್ಲ. ಒಂದು ವರ್ಷ ದೂರವಿಟ್ಟು, ಆಮೇಲೆ ನೋಟ್ ಬುಕ್ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಎಲ್ಲರ ಚೀಟಿಗಳನ್ನು ನಕಲು ಮಾಡುವುದು, ಬೇಕಿದ್ದರೆ ದೂರದಿಂದ ಮೂಸುವುದು, ಅಷ್ಟೇ. ಮಂಡಿ ನೋವು ಜಾಸ್ತಿಯಾಗಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂರಲು ಆಗದಂತಾದಾಗ ಲೋಟ ತೊಳೆಯುವ ಕೆಲಸವನ್ನೂ ನನಗೇ ಕೊಟ್ಟರು. "ಇದಕ್ಕೆ ನಿಮ್ಗಿಂತ ಒಳ್ಳೇ ಆಳು ಸಿಗಲ್ಲ" ಎಂದು ಕಣ್ಣು ಮಿಟುಕಿಸಿದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಎಂದು ನಾನೂ ನಕ್ಕೆ.

ಅಷ್ಟರಲ್ಲಿ ಓನರ್ ತಾಯಿ ತೀರಿಕೊಂಡಿದ್ದರು, ಆಮೇಲೆ ಆಂಟಿಯೂ ಹೋದರು. ಗೇಟಿನ ಬಳಿ ದಂಟಿನ ಸೊಪ್ಪು ಆರಿಸುತ್ತಾ ಕುಸಿದವರು ಏಳಲೇ ಇಲ್ಲ. ಮೈಸೂರಿನಿಂದ ಬಂದ ಮಗಳು ತಿಥಿ ಮುಗಿಸಿಕೊಂಡು, ತನ್ನ ಜೊತೆ ಬಾ ಎಂದು ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಹೊರಟುಹೋದಳು. ಎರಡು ತಿಂಗಳು ತಾರಸಿಯ ಕೋಣೆಯ ಬೀಗ ತೆಗೆಯಲಿಲ್ಲ. ಮೂರನೇ ತಿಂಗಳು ಅವರೇ ಎಲ್ಲರಿಗೂ ಫೋನ್ ಮಾಡಿ ಕರೆದರು.

ಆ ಭಾನುವಾರ ಅವರು ಮಾತಾಡಿದರು. ಒಂದು ಸಾಲಿನ ಮನುಷ್ಯ ಹತ್ತು ನಿಮಿಷ ಮಾತಾಡಿದರು. ಇದರಲ್ಲಿ ಮೊದಲು ಹುಳಿ ಬರ್ತದೆ, ಆಮೇಲೆ ನಮ್ಮವಳು ಹುಣಸೆಹಣ್ಣು ಕಿವುಚಿ ಕೈ ತೊಳೆಯದೆ ನನ್ನ ಶರ್ಟಿನ ಗುಂಡಿ ಹಾಕ್ತಿದ್ದಳಲ್ಲ, ಆ ವಾಸನೆ ಬರ್ತದೆ ಎಂದರು. ಬ್ಯಾಂಕಿನ ಮೇಡಂ ಕಣ್ಣೊರೆಸಿಕೊಂಡರು. ಮುಂದಿನ ಸಲ ಹಲ್ಲಿನ ಡಾಕ್ಟರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದರು. "ದುಃಖ ಮನುಷ್ಯನ್ನ ಹೆಂಗೆ ಓಪನ್ ಮಾಡುತ್ತೆ ನೋಡಿ" ಎಂದು ಮೆಟ್ಟಿಲ ಮೇಲೆ ನನ್ನ ಹೆಗಲು ತಟ್ಟಿದರು. ಇಷ್ಟು ವರ್ಷ ಮೂಸಿ ಮೂಸಿ ಕೊನೆಗೆ ಅವರಿಗೆ ಮಾತು ದಕ್ಕಿತು ಎಂದು ಎಲ್ಲರೂ ನಂಬಿದರು. ರುಚಿಯ ಬಗ್ಗೆ ಚೆನ್ನಾಗಿ ಮಾತಾಡುವುದೇ ದೊಡ್ಡದು ಎಂದುಕೊಂಡವರು ಹೀಗೆ ಮೋಸ ಹೋಗುತ್ತಾರೆ. ನನ್ನ ಹಾಗೆ ಕುಡಿತ ಬಿಟ್ಟವನು ಮೋಸ ಹೋಗುವುದಿಲ್ಲ. ನಾನು ನಲ್ಲಿಯ ಮುಂದೆ ಕೂತು ಲೋಟಗಳನ್ನು ಒಂದೊಂದಾಗಿ ತೆಗೆದುಕೊಂಡಾಗ ಅವರ ಹೆಸರಿನ ಲೋಟ ಒಣಗಿತ್ತು.

ಒಂದು ಸಲವಲ್ಲ. ಒಂದೂವರೆ ವರ್ಷ, ಪ್ರತಿ ಸಲವೂ.

ನಾನು ಹೆಂಡತಿಗೆ ಹೇಳಿದೆ. "ನೀವ ಹೇಳ್ರಿ, ಇನ್ಯಾರು ಹೇಳ್ಬೇಕು?" ಎಂದಳು. ಹೌದು ಎಂದೆ, ಹೇಳಲಿಲ್ಲ. ಹೆಂಡತಿ ಸತ್ತ ಮನುಷ್ಯ, ಎರಡು ಗುಟುಕು ಒಳಗೆ ಹೋದರೆ ಹೋಗಲಿ ಅಂದುಕೊಂಡೆ. ಹಿರಿಯರಿಗೆ ಬುದ್ಧಿ ಹೇಳಲು ನಾನ್ಯಾರು ಅಂದುಕೊಂಡೆ. ಇವೆಲ್ಲ ಮೇಲಿನ ಮಾತು. ಅಡಿಯಲ್ಲಿ ಇದ್ದದ್ದನ್ನೂ ಬರೆದುಬಿಡುತ್ತೇನೆ: ನನ್ನನ್ನು ಹಿಡಿದುಹಾಕಿದ ಮನುಷ್ಯ ನನ್ನ ಮಟ್ಟಕ್ಕೆ ಇಳಿದು ಬಂದದ್ದು ನೋಡಿ ನನಗೆ ಒಳಗೊಳಗೇ ಒಂದು ಬಗೆಯ ಸಮಾಧಾನವಾಗಿತ್ತು. ಅಷ್ಟು ಕೀಳು ಮನಸ್ಸು ನನ್ನದು.

ದೊಡ್ಡಬಳ್ಳಾಪುರದ ಕಡೆಯಿಂದ ವೈನ್ ಮಾಡುವವರೊಬ್ಬರು ಆ ವರ್ಷದ ತಮ್ಮ ರೆಡ್ ವೈನಿನ ಸ್ಯಾಂಪಲ್ ತಂದರು, ಬಾಟಲಿಗೆ ತುಂಬಬಹುದೇ ಎಂದು ಕೇಳಲು. ಗ್ಲಾಸಿಗೆ ಬಿದ್ದ ಕೂಡಲೇ ಮೂಲೆಯಲ್ಲಿದ್ದ ನನಗೆ ವಿನೆಗರ್ ವಾಸನೆ ಹೊಡೆಯಿತು. ಓನರ್ ಮೊದಲಿನಂತಿದ್ದರೆ "ಕೆಟ್ಟಿದೆ, ಚೆಲ್ಲಿ" ಎಂದು ಬರೆದು ಮುಗಿಸುತ್ತಿದ್ದರು. ಅವತ್ತು ಅವರು ಅದನ್ನು ಕುಡಿದು, ಮಾವಿನಕಾಯಿ, ಮಳೆ, ಹೆಂಡತಿಯ ಉಪ್ಪಿನಕಾಯಿ ಭರಣಿ ಎಂದೆಲ್ಲ ಸೊಗಸಾಗಿ ಹೇಳಿದರು. ಬ್ಯಾಂಕಿನ ಮೇಡಂ ತಮ್ಮ ಚೀಟಿಯಲ್ಲಿ ಏನೋ ಬರೆದದ್ದನ್ನು ಹೊಡೆದುಹಾಕಿದ್ದನ್ನು ನಾನು ನೋಡಿದೆ. ಬಂದವರು ಕೈಮುಗಿದು ಖುಷಿಯಿಂದ ಹೋದರು, ಬಾಟಲಿಗೂ ತುಂಬಿದರು. ಆ ವರ್ಷದ ಅವರ ವೈನನ್ನು ಕೊಂಡವರೆಲ್ಲ ವಾಪಸ್ಸು ಕಳಿಸಿದರಂತೆ. ಆ ಸುದ್ದಿ ಬಂದ ಮೇಲೂ ನಮ್ಮಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಸುದ್ದಿ ಬಂದ ಅದೇ ವಾರ ಒಂದು ಬೆಳಗ್ಗೆ ನಾನು ಗಟ್ಟಿ ಮನಸ್ಸು ಮಾಡಿ ಮೆಟ್ಟಿಲು ಹತ್ತಿದೆ. ಅವರು ಮೇಲೆ ಬಾಗಿಲಲ್ಲೇ ನಿಂತಿದ್ದರು. ಕಣ್ಣಿನ ಬಿಳಿ ಹಳದಿಗೆ ತಿರುಗುತ್ತಿತ್ತು.

"ಏನ್ ಮೇಷ್ಟ್ರೇ? ಏನೋ ಏಳ್ಬೇಕು ಅಂತ ಬಂದಂಗದೆ."

"ಏನಿಲ್ರಿ ಸರ. ನೀರಿನ ಮೋಟ್ರ ಹಾಕ್ಲೇನು ಅಂತ ಕೇಳಾಕ ಬಂದೆ."

ಅವರು ನನ್ನನ್ನೇ ನೋಡುತ್ತಾ ನಿಂತರು. ನಮ್ಮ ಸೋಫಾದ ಅಂಚಿನಲ್ಲಿ ಕೂತು ನಾನು ಬಾಯಿ ಬಿಡಲೆಂದು ಕಾದಿದ್ದರಲ್ಲ, ಹಾಗೆಯೇ ಕಾದರು. ನಾನು ಕೇಳಲಿ, ಬೈಯಲಿ ಎಂದೇ ಅವರು ನಿಂತಿದ್ದರೆಂದು ನನಗೆ ಅವತ್ತೇ ಗೊತ್ತಾಗಿತ್ತು. ಆಮೇಲೆ "ಹಾಕಿ" ಎಂದು ಒಳಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ ಊದಿಕೊಂಡಿತು. ಆಸ್ಪತ್ರೆಗೆ ಸೇರಿಸಿದ ಹದಿನೇಳನೇ ದಿನ ಮಧ್ಯಾಹ್ನ ರಕ್ತ ವಾಂತಿ ಮಾಡಿಕೊಂಡು ಹೋದರು. ಲಿವರ್ ಉಳಿದಿರಲಿಲ್ಲ ಎಂದು ಡಾಕ್ಟರು ಮಗಳಿಗೆ ಹೇಳಿದರು. ಬರೀ ಭಾನುವಾರದ ವೈನಿನಿಂದ ಆಗುವ ಕೆಲಸ ಅಲ್ಲ ಎಂದೂ ಹೇಳಿದರು. ಅದು ನಿಜವೆಂದು ಮನೆ ಖಾಲಿ ಮಾಡುವಾಗ ತಿಳಿಯಿತು. ಅಡುಗೆಮನೆಯ ಅಟ್ಟದಿಂದ ಮಗಳು ಇಳಿಸಿದ ಬಾಟಲಿಗಳು ಅಗ್ಗದ ವಿಸ್ಕಿಯವು. ಒಂದೊಂದಕ್ಕೂ ಸಾಕ್ಸು ತೊಡಿಸಿದ್ದರು. ಮನೆಯಲ್ಲಿ ಅವರೊಬ್ಬರೇ ಇದ್ದರು, ಅವುಗಳನ್ನು ಯಾರ ಕಣ್ಣಿನಿಂದಲೂ ಮುಚ್ಚಿಡಬೇಕಾಗಿರಲಿಲ್ಲ.

ಮಗಳು ಆ ಬಾಟಲಿಗಳ ನಡುವೆ ನೆಲದ ಮೇಲೆ ಕೂತು ನನ್ನನ್ನು ಕೇಳಿದಳು, "ಅಂಕಲ್, ನಿಮ್ಗೆ ಗೊತ್ತಿತ್ತಾ?"

"ಇಲ್ಲವ್ವಾ. ನಮಗೇನು ಗೊತ್ತಾಗ್ಲಿಲ್ಲ" ಎಂದೆ.

ಜೊತೆಗಿದ್ದ ನನ್ನ ಹೆಂಡತಿ ಕೆಳಗಿಳಿದಳು. ನಾನು ಹಿಂದೆಯೇ ಹೋದೆ. ನಮ್ಮ ಬಾಗಿಲ ಮುಂದೆ ನಿಂತು, "ಅವತ್ತ ಅವರು ನಿಮಗ ಹೇಳ್ದ ಹೋಗಿದ್ರ ನಾನೂ ನನ್ನ ಮಗಳೂ ಇವತ್ತ ಹಿಂಗ ಬಾಟ್ಲಿ ಆರಸ್ಕೋತ ಕುಂತಿರ್ತಿದ್ವಿ" ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನಾನು ಮತ್ತೆ ಮೇಲೆ ಹತ್ತಿದೆ. ಆ ಹುಡುಗಿ ಇನ್ನೂ ಅಲ್ಲೇ ಕೂತಿದ್ದಳು.

"ಗೊತ್ತಿತ್ತವ್ವಾ" ಎಂದೆ. "ಒಂದೂವರಿ ವರ್ಷದಿಂದ ಗೊತ್ತಿತ್ತು. ಹೇಳಾಕ ಆಗ್ಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೇ ಹೋಗಿದ್ದೆ. ಅವಳು ಒಂದು ಬಾಟಲಿಯ ಸಾಕ್ಸು ಬಿಚ್ಚಿ ಮಡಿಚಿಟ್ಟಳು.

"ಪ್ರತಿ ಸಲ ಫೋನ್ ಮಾಡ್ದಾಗ್ಲೂ ಕೇಳ್ತಿದ್ದೆ ಅಂಕಲ್, ಒಬ್ರೇ ಇದೀರಲ್ಲ, ಹುಷಾರಾಗಿದೀರಾ ಅಂತ. 'ಕೆಳಗಡೆ ಮೇಷ್ಟ್ರು ಅವ್ರೆ ಕಣಮ್ಮ, ನಾನೇನಾದ್ರೂ ದಾರಿ ತಪ್ಪಿದ್ರೆ ಅವ್ರು ಸುಮ್ನೆ ಬಿಡಲ್ಲ' ಅಂತಿದ್ರು ಅಪ್ಪ. ನಂಬ್ಕೊಂಡು ನಾನು ಬರ್ಲೇ ಇಲ್ಲ."